ಬಚ್ಚಲ ನೀರು, ಮಳೆ ನೀರು: ಮನೆಯಲ್ಲಿ ಮರುಬಳಕೆಗೆ ಯಾವುದನ್ನು ಮೊದಲು ಮಾಡಬೇಕು, ಎಲ್ಲಿ ತಪ್ಪುತ್ತದೆ

ಡ್ರಮ್ ತಂದಾಯಿತು, ಪೈಪ್ ಜೋಡಿಸಿಯಾಯಿತು, ಬಚ್ಚಲ ನೀರು ಅದರೊಳಗೆ ತುಂಬಿಯೂ ಆಯಿತು. ಮೂರನೇ ದಿನ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ವಾರ ಕಳೆಯುವಷ್ಟರಲ್ಲಿ ಸೊಳ್ಳೆ. ತಿಂಗಳಾಗುವ ಹೊತ್ತಿಗೆ ಮನೆಯವರೆಲ್ಲ "ಇದನ್ನ ಮೊದಲು ಕಿತ್ತು ಹಾಕಿ" ಅನ್ನುತ್ತಾರೆ. ನನ್ನ ಮೊದಲ ಪ್ರಯತ್ನ ಹೀಗೇ ಮುಗಿದಿತ್ತು. ಆಮೇಲೆ ಎಷ್ಟೋ ಮನೆಗಳಲ್ಲಿ ಇದೇ ತಪ್ಪು ನೋಡಿದ್ದೇನೆ.

ಮಳೆ ನೀರಿನಲ್ಲಿ ಆಗುವ ತಪ್ಪು ಇನ್ನೊಂದು ಥರ. ದೊಡ್ಡ ಟ್ಯಾಂಕ್ ಇರುತ್ತದೆ, ಆದರೆ ಮೊದಲ ಜೋರು ಮಳೆಗೇ ಸೋಸುವ ಡ್ರಮ್ಮು ಉಕ್ಕಿ ನೀರೆಲ್ಲ ಅಂಗಳಕ್ಕೆ ಹರಿಯುತ್ತದೆ. ಟ್ಯಾಂಕಿಗೆ ಸೇರಿದ ಸ್ವಲ್ಪ ನೀರು ಹಸಿರಾಗಿರುತ್ತದೆ.

ಈ ಎರಡು ನೀರಿನ ಗುಣ ಬೇರೆ ಬೇರೆ. ಮಳೆ ನೀರನ್ನು ಸೋಸಿ ಕತ್ತಲಲ್ಲಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ. ಬಚ್ಚಲ ನೀರು ಹಾಗಲ್ಲ. ಅದರಲ್ಲಿ ಸೋಪು, ಮೈಕೊಳೆ, ಕೂದಲು ಇರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತಾ ನೀರಿನಲ್ಲಿರುವ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಆಮೇಲೆ ಆಮ್ಲಜನಕ ಬೇಡದ ಜೀವಿಗಳು ಹೆಚ್ಚಿ ಆ ಗಬ್ಬು ವಾಸನೆಯ ಅನಿಲ ಬಿಡುತ್ತವೆ. ಅದಕ್ಕೇ ಬಚ್ಚಲ ನೀರು 24 ಗಂಟೆಗಿಂತ ಜಾಸ್ತಿ ನಿಲ್ಲಬಾರದು. ಮಳೆ ನೀರನ್ನು ಕೂಡಿಡಿ, ಬಚ್ಚಲ ನೀರನ್ನು ಅವತ್ತಿಂದು ಅವತ್ತೇ ಮಣ್ಣಿಗೆ ಬಿಡಿ. ಕೆಳಗಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ.

## ಮೊದಲು ಕೈಗೆ ಬೇಕಾದ ಸಾಮಾನು

ಅಳತೆ ಟೇಪು, 20 ಲೀಟರಿನ ಬಕೆಟ್, ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು, ಹಾರೆ, ಸಲಿಕೆ, ಪೈಪ್ ಕತ್ತರಿಸುವ ಗರಗಸ, ಒಂದು ನೋಟ್‌ಬುಕ್. ಆರಂಭಕ್ಕೆ ಇಷ್ಟು ಸಾಕು. ಪೈಪು, ವಾಲ್ವು, ಡ್ರಮ್ಮು, ಟ್ಯಾಂಕು ಏನನ್ನೂ ಈಗಲೇ ಕೊಳ್ಳಬೇಡಿ. ಅವುಗಳ ಅಳತೆ ಗೊತ್ತಾಗುವುದೇ ಮೊದಲ ಮೂರು ಹಂತ ಮುಗಿದ ಮೇಲೆ.

## ಹಂತ 1: ಒಂದು ವಾರ ಬರೀ ಅಳೆಯಿರಿ

ಬಕೆಟ್ ಸ್ನಾನವಾದರೆ ಲೆಕ್ಕ ಸುಲಭ, ಬಕೆಟ್ ಎಣಿಸಿದರಾಯಿತು. ಶವರ್ ಇದ್ದರೆ ಅದರ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷಕ್ಕೆ ಎಷ್ಟು ತುಂಬುತ್ತದೆ ನೋಡಿ. ಸಾಮಾನ್ಯವಾಗಿ 8–10 ಲೀಟರ್ ಬರುತ್ತದೆ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ ಒಂದು ಸಲ ಬಟ್ಟೆ ಒಗೆದರೆ ಸುಮಾರು 50–70 ಲೀಟರ್ ಹೊರಬಿಡುತ್ತದೆ. ಮೇಲೆ ಬಾಗಿಲಿರುವುದು 100–150 ಲೀಟರ್ ಬಿಡುತ್ತದೆ. ನಾಲ್ಕು ಜನರ ಮನೆಯಲ್ಲಿ ಸ್ನಾನಕ್ಕೆ 150, ಬಟ್ಟೆಗೆ 50 ಅಂದರೂ ದಿನಕ್ಕೆ 200 ಲೀಟರ್ ಆಯಿತು. ಮುಂದಿನ ಲೆಕ್ಕಗಳಿಗೆ ಈ 200ನ್ನೇ ಹಿಡಿಯುತ್ತೇನೆ. ನೀವು ನಿಮ್ಮ ಅಂಕಿ ಹಾಕಿಕೊಳ್ಳಿ.

ಮಳೆಯ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ತಾರಸಿಯ ಮೇಲೆ 20 ಮಿ.ಮೀ. ಮಳೆಯಾದರೆ 2000 ಲೀಟರ್. ಅದರಲ್ಲಿ ಸ್ವಲ್ಪ ಕಾಂಕ್ರೀಟು ಹೀರುತ್ತದೆ, ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪ ಎರಚಿ ಹೋಗುತ್ತದೆ. ಕಾಂಕ್ರೀಟ್ ತಾರಸಿಯಾದರೆ ನೂರಕ್ಕೆ 80 ಭಾಗ ಸಿಗುತ್ತದೆ ಅಂದುಕೊಳ್ಳಿ, ಅಂದರೆ 1600 ಲೀಟರ್. ತಗಡಿನ ಚಾವಣಿಯಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ. ಇಳಿಜಾರು ಮಾಡಾದರೆ ಮಾಡಿನ ಉದ್ದಳತೆ ಹಿಡಿಯಬೇಡಿ, ಅದು ನೆಲದ ಮೇಲೆ ಎಷ್ಟು ಜಾಗ ಮುಚ್ಚುತ್ತದೋ ಅಷ್ಟನ್ನೇ ಅಳೆಯಿರಿ.

## ಹಂತ 2: ನೀರನ್ನು ಬೇರ್ಪಡಿಸಿ

ಮನೆಯಿಂದ ಹೊರಹೋಗುವ ಪ್ರತಿ ಪೈಪನ್ನೂ ಹುಡುಕಿ, ಅದು ಎಲ್ಲಿಂದ ಬಂತು ಅಂತ ಬರೆಯಿರಿ. ಅನುಮಾನ ಇದ್ದರೆ ಒಳಗೆ ಒಬ್ಬರು ಬಣ್ಣ ಕಲಸಿದ ನೀರು ಸುರಿಯಲಿ, ಹೊರಗೆ ನೀವು ನೋಡಿ. ಈ ಕೆಲಸ ಮಾಡದೆ ಪೈಪ್ ಕತ್ತರಿಸಿದವರು ಟಾಯ್ಲೆಟ್ ಪೈಪಿಗೇ ಗರಗಸ ಹಾಕಿದ್ದುಂಟು.

ಟಾಯ್ಲೆಟ್ ನೀರನ್ನು ಮುಟ್ಟಲೇಬೇಡಿ. ಅದು ಒಳಚರಂಡಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೇ ಹೋಗಲಿ. ಮಗುವಿನ ಮಲದ ಬಟ್ಟೆ ಒಗೆದ ನೀರಿಗೂ ಇದೇ ಮಾತು.

ಸ್ನಾನದ ನೀರು, ಕೈ ತೊಳೆಯುವ ಸಿಂಕಿನ ನೀರು, ಬಟ್ಟೆ ಒಗೆದ ನೀರು ತೋಟಕ್ಕೆ ಒಳ್ಳೆಯವು. ಶುರು ಮಾಡುವವರು ಇವುಗಳಲ್ಲಿ ಒಂದನ್ನೇ ಹಿಡಿಯಿರಿ. ತೋಟಕ್ಕೆ ಹತ್ತಿರ ಇರುವುದನ್ನು, ತೋಟಕ್ಕಿಂತ ಎತ್ತರದಲ್ಲಿ ಇರುವುದನ್ನು ಆರಿಸಿಕೊಳ್ಳಿ. ಎಲ್ಲವನ್ನೂ ಒಂದೇ ಸಲ ಜೋಡಿಸಲು ಹೊರಟ ಮನೆಗಳಲ್ಲಿ ಕೆಲಸ ಅರ್ಧಕ್ಕೆ ನಿಂತಿರುವುದೇ ಜಾಸ್ತಿ.

ಅಡುಗೆಮನೆ ಸಿಂಕಿನ ನೀರಿನಲ್ಲಿ ಎಣ್ಣೆ, ಜಿಡ್ಡು, ಅನ್ನದ ಅಗುಳು ಎಲ್ಲ ಇರುತ್ತದೆ. ಅದಕ್ಕೆ ಬೇರೆಯೇ ಏರ್ಪಾಡು ಬೇಕು, ಹಂತ 7ರಲ್ಲಿ ಹೇಳಿದ್ದೇನೆ. ತರಕಾರಿ, ಅಕ್ಕಿ ತೊಳೆದ ನೀರನ್ನು ಮಾತ್ರ ಪಾತ್ರೆಯಲ್ಲಿ ಹಿಡಿದು ನೇರ ಗಿಡಕ್ಕೆ ಹಾಕಬಹುದು, ಅದಕ್ಕೆ ಯಾವ ಪೈಪೂ ಬೇಡ.

ಆರ್‌ಒ ಯಂತ್ರ ಬಿಡುವ ನೀರು ನೋಡಲು ಸ್ವಚ್ಛ, ಆದರೆ ಅದರಲ್ಲಿ ಲವಣ ಜಾಸ್ತಿ. ನೆಲ ಒರೆಸಲು, ಟಾಯ್ಲೆಟ್‌ಗೆ ಸುರಿಯಲು ಬಳಸಿ. ದಿನಾ ಅದನ್ನೇ ಕುಂಡದ ಗಿಡಕ್ಕೆ ಹಾಕಿದರೆ ಕೆಲವು ತಿಂಗಳಲ್ಲಿ ಎಲೆಯ ಅಂಚು ಸುಡುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇಲ್ಲ, ಗಿಡಕ್ಕೆ ಧಾರಾಳವಾಗಿ ಹಾಕಿ. ಕುಡಿಯಲು ಮಾತ್ರ ಬೇಡ.

## ಹಂತ 3: ಮಣ್ಣು ಎಷ್ಟು ಕುಡಿಯುತ್ತದೆ ನೋಡಿ

ಈ ಹಂತವನ್ನು ಬಹಳ ಜನ ಬಿಡುತ್ತಾರೆ. ತೋಟದಲ್ಲಿ ನೀರು ಕಟ್ಟಿ ನಿಂತು ನಾರುವುದಕ್ಕೆ ಮುಖ್ಯ ಕಾರಣ ಇದೇ.

ನೀರು ಬಿಡಬೇಕಾದ ಜಾಗದಲ್ಲಿ ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೆಗೆಯಿರಿ. ಪೂರ್ತಿ ನೀರು ತುಂಬಿ ಇಂಗಲು ಬಿಡಿ. ಒಣಮಣ್ಣು ಮೊದಲ ಸಲ ಗಟಗಟ ಕುಡಿಯುತ್ತದೆ, ಅದನ್ನು ನಂಬಬೇಡಿ. ಎರಡನೇ ಸಲ ತುಂಬಿ, ಒಂದು ಕಡ್ಡಿ ನಿಲ್ಲಿಸಿ ನೀರಿನ ಮಟ್ಟ ಗುರುತು ಮಾಡಿ, ಒಂದು ಗಂಟೆ ಬಿಟ್ಟು ಎಷ್ಟು ಇಳಿದಿದೆ ಅಳೆಯಿರಿ. ಗಂಟೆಗೆ 2 ಸೆಂ.ಮೀ.ಗಿಂತ ಕಮ್ಮಿ ಇಳಿದರೆ ಜೇಡಿ ಮಣ್ಣು ಅಂತ ಲೆಕ್ಕ. ಅಂಥ ಮಣ್ಣಿಗೆ ದಿನಕ್ಕೆ ಚದರ ಮೀಟರಿಗೆ 10 ಲೀಟರ್‌ಗಿಂತ ಜಾಸ್ತಿ ಬೇಡ. ಹದವಾದ ಮಣ್ಣಿಗೆ ಸುಮಾರು 20 ಲೀಟರ್ ಬಿಡಬಹುದು. ಮರಳು ಮಣ್ಣು ಇನ್ನೂ ಹೆಚ್ಚು ಕುಡಿಯುತ್ತದೆ.

ನಮ್ಮ 200 ಲೀಟರಿಗೆ ಹದ ಮಣ್ಣಾದರೆ 10 ಚದರ ಮೀಟರ್ ಪಾತಿ ಬೇಕು. ಜೇಡಿಯಾದರೆ 20. ಅಷ್ಟು ಜಾಗ ಇಲ್ಲವಾದರೆ ಮೆಷಿನ್ ನೀರನ್ನಷ್ಟೇ ತೋಟಕ್ಕೆ ಬಿಟ್ಟು ಸ್ನಾನದ ನೀರನ್ನು ಚರಂಡಿಗೇ ಬಿಡಿ. ಸ್ವಲ್ಪವನ್ನೇ ಸರಿಯಾಗಿ ಬಳಸಿದರೂ ಅದು ಒಳ್ಳೆಯ ಕೆಲಸವೇ.

ಜಾಗ ಆರಿಸುವಾಗ ಮನೆಯ ಅಡಿಪಾಯದಿಂದ ಕನಿಷ್ಠ 2 ಮೀಟರ್, ಬಾವಿ ಅಥವಾ ಕೊಳವೆಬಾವಿಯಿಂದ 30 ಮೀಟರ್ ದೂರ ಇರಲಿ. ಗುಂಡಿ ತೋಡುವಾಗ ಒಂದು ಮೀಟರ್ ಒಳಗೇ ನೀರು ಕಂಡರೆ ಅಲ್ಲಿ ಬಚ್ಚಲ ನೀರು ಬಿಡಲೇಬೇಡಿ, ಅದು ಸೀದಾ ಅಂತರ್ಜಲಕ್ಕೆ ಸೇರುತ್ತದೆ.

## ಹಂತ 4: ತಿರುವು ವಾಲ್ವ್ ಮತ್ತು ಪೈಪು

ಈಗ ಪೈಪ್ ಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾದ ಸಾಮಾನು ಮೂರು ದಾರಿಯ ವಾಲ್ವ್. ಹಿಡಿ ಒಂದು ಕಡೆ ತಿರುಗಿಸಿದರೆ ನೀರು ತೋಟಕ್ಕೆ, ಇನ್ನೊಂದು ಕಡೆ ತಿರುಗಿಸಿದರೆ ಚರಂಡಿಗೆ. ಇದಿಲ್ಲದೆ ಯಾವ ಜೋಡಣೆಯನ್ನೂ ಮಾಡಬೇಡಿ. ಜೋರು ಮಳೆಗಾಲದಲ್ಲಿ, ಮನೆಯಲ್ಲಿ ಯಾರಿಗಾದರೂ ಭೇದಿ ಅಥವಾ ಕಾಮಾಲೆ ಆದಾಗ, ಕೂದಲಿಗೆ ಬಣ್ಣ ಹಚ್ಚಿದ ದಿನ, ಬ್ಲೀಚ್ ಹಾಕಿ ಬಚ್ಚಲು ತೊಳೆದ ದಿನ ನೀರು ಚರಂಡಿಗೆ ಹೋಗಲೇಬೇಕು. ವಾಲ್ವ್ ನಿಂತ ಜಾಗದಲ್ಲೇ ಕೈಗೆ ಸಿಗುವಂತಿರಲಿ. ಮಂಚದ ಕೆಳಗೆ ತೂರಿ ತಿರುಗಿಸುವಂತಿದ್ದರೆ ಯಾರೂ ತಿರುಗಿಸುವುದಿಲ್ಲ.

ಬಚ್ಚಲಿನ ಟ್ರ್ಯಾಪ್ ದಾಟಿದ ಮೇಲೆಯೇ ವಾಲ್ವ್ ಕೂರಿಸಿ. ಟ್ರ್ಯಾಪಿನಲ್ಲಿ ನಿಂತ ನೀರು ವಾಸನೆ, ಜಿರಲೆ ಒಳಗೆ ಬಾರದಂತೆ ತಡೆಯುತ್ತದೆ. ಅದನ್ನು ತಪ್ಪಿಸಿ ಪೈಪ್ ಎಳೆದರೆ ತೋಟದ ಹುಳುಗಳೆಲ್ಲ ಬಚ್ಚಲಿಗೆ ಬರುತ್ತವೆ.

ತಾನಾಗಿ ಹರಿಯುವ ಪೈಪಿಗೆ ಪ್ರತಿ ಮೀಟರಿಗೆ 2 ಸೆಂ.ಮೀ. ಇಳಿಜಾರು ಬೇಕು. ಕಣ್ಣಂದಾಜು ಬೇಡ, ಲೆವೆಲ್ ಪೈಪು ಹಿಡಿದು ನೋಡಿ. ಎಲ್ಲಾದರೂ ಒಂದು ಕಡೆ ಪೈಪ್ ಹೊಟ್ಟೆ ಬಿಟ್ಟಿದ್ದರೆ ಅಲ್ಲೇ ಕೂದಲು ಸೇರಿ ಕಟ್ಟಿಕೊಳ್ಳುತ್ತದೆ. ತಿರುವಿನಲ್ಲಿ ಒಂದು ನೇರ ಎಲ್ಬೋ (90 ಡಿಗ್ರಿ ತಿರುಗುವ ತುಂಡು) ಬದಲು ಎರಡು ಅರೆ ಬೆಂಡ್ (45 ಡಿಗ್ರಿಯವು) ಹಾಕಿ. ಉದ್ದ ಪೈಪಾದರೆ ನಡುವೆ ಮುಚ್ಚಳ ತಿರುಗಿಸಿ ತೆಗೆಯುವ ಒಂದು ಟೀ (T ಆಕಾರದ, ಮೂರು ಬಾಯಿಯ ತುಂಡು) ಇರಲಿ, ಕಟ್ಟಿಕೊಂಡಾಗ ಕಡ್ಡಿ ಹಾಕಲು ಬೇಕಾಗುತ್ತದೆ.

ವಾಷಿಂಗ್ ಮೆಷಿನ್ನಿಗೆ ಸ್ವಂತ ಪಂಪು ಇರುವುದರಿಂದ ಅದು ಶುರುವಿಗೆ ಬಹಳ ಅನುಕೂಲ. ಆದರೆ ಆ ಪಂಪು ನೀರನ್ನು ಸುಮಾರು ಒಂದು ಮೀಟರ್ ಎತ್ತಲು ಮಾಡಿದ್ದು. ಅದಕ್ಕೆ ಮಹಡಿ ಹತ್ತಿಸುವ ಕೆಲಸ ಕೊಟ್ಟರೆ ಬೇಗ ಸುಟ್ಟುಹೋಗುತ್ತದೆ. ಹೊರಗಿನ ಪೈಪು ಒಂದು ಇಂಚಿಗಿಂತ ಸಣ್ಣದಾಗಬಾರದು. ಇನ್ನೊಂದು ಸೂಕ್ಷ್ಮ ಇದೆ: ತೋಟ ಮೆಷಿನ್ನಿಗಿಂತ ಕೆಳಗಿದ್ದರೆ ಪೈಪು ನೀರನ್ನು ತಾನೇ ಎಳೆದುಕೊಳ್ಳುತ್ತದೆ. ಮೆಷಿನ್ ಒಳಗೆ ನೀರು ತುಂಬುತ್ತಲೇ ಇರುತ್ತದೆ, ಹೊರಗೆ ಹರಿಯುತ್ತಲೇ ಇರುತ್ತದೆ, ಬಟ್ಟೆ ಮಾತ್ರ ತೊಳೆಯುವುದಿಲ್ಲ. ಪೈಪಿನ ಅತಿ ಎತ್ತರದ ಜಾಗದಲ್ಲಿ ಗಾಳಿ ಒಳಬಿಡುವ ಸಣ್ಣ ವಾಲ್ವ್ ಹಾಕಿದರೆ ಇದು ನಿಲ್ಲುತ್ತದೆ.

ಬಚ್ಚಲ ನೀರಿನ ಪೈಪಿಗೆ ಬೇರೆ ಬಣ್ಣ ಬಳಿಯಿರಿ, "ಕುಡಿಯುವ ನೀರಲ್ಲ" ಅಂತ ಬರೆಯಿರಿ. ಕುಡಿಯುವ ನೀರಿನ ಪೈಪಿಗೆ ಇದನ್ನು ಯಾವ ಕಾರಣಕ್ಕೂ ಜೋಡಿಸಬೇಡಿ, ನಡುವೆ ಎಷ್ಟೇ ಗಟ್ಟಿ ವಾಲ್ವ್ ಇದ್ದರೂ ಬೇಡ. ಒತ್ತಡ ಕಮ್ಮಿಯಾದ ಒಂದು ಕ್ಷಣ ಸಾಕು, ಕೊಳೆ ನೀರು ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ.

## ಹಂತ 5: ಪಾತಿ ಮಾಡಿ, ತರಗೆಲೆ ತುಂಬಿ

ಬಚ್ಚಲ ನೀರನ್ನು ಶುದ್ಧ ಮಾಡುವುದು ಮಣ್ಣು. ಮೇಲಿನ ಒಂದು ಅಡಿ ಮಣ್ಣಿನಲ್ಲಿರುವ ಜೀವಿಗಳಿಗೆ ಗಾಳಿ ಮತ್ತು ಸಮಯ ಕೊಟ್ಟರೆ ಸೋಪಿನ ಕೊಳೆಯನ್ನು ಅವು ತಿಂದು ಮುಗಿಸುತ್ತವೆ. ನಮ್ಮ ಕೆಲಸ ಅವುಗಳನ್ನು ಮುಳುಗಿಸದೇ ಇರುವುದು.

ಮರದ ಬುಡಕ್ಕೆ ತಾಗಿಸಿ ನೀರು ಬಿಡಬೇಡಿ, ಬುಡ ಕೊಳೆಯುತ್ತದೆ. ಕೊಂಬೆಗಳ ತುದಿ ಎಲ್ಲಿಯವರೆಗೆ ಚಾಚಿದೆಯೋ ಅದರ ನೇರಕ್ಕೆ ಸುತ್ತ 20–25 ಸೆಂ.ಮೀ. ಆಳದ ಪಾತಿ ತೆಗೆಯಿರಿ. ಅದಕ್ಕೆ ತರಗೆಲೆ, ಮರದ ಚಕ್ಕೆ, ತೆಂಗಿನ ನಾರು ಯಾವುದಾದರೂ ತುಂಬಿ. ಪೈಪಿನ ಬಾಯಿ ಈ ಹೊದಿಕೆಯೊಳಗೆ ಹೂತುಹೋಗಬಾರದು. ಅದರ ಮೇಲೆ ಬುಡ ಒಡೆದ ಕುಂಡವೊಂದನ್ನು ತಲೆಕೆಳಗಾಗಿ ಇಟ್ಟು ತೂತನ್ನು ಕಲ್ಲಿನಿಂದ ಮುಚ್ಚಿ, ಪೈಪಿನ ಬಾಯಿಯನ್ನು ಒಳಗೆ ಗಾಳಿಯಲ್ಲಿ 5–10 ಸೆಂ.ಮೀ. ಎತ್ತರದಲ್ಲಿ ನಿಲ್ಲಿಸಿ. ನೀರು ಕಣ್ಣಿಗೆ ಕಾಣದೆ ಬೀಳುತ್ತದೆ. ಬೇರು ಪೈಪಿನೊಳಗೆ ನುಗ್ಗುವುದಿಲ್ಲ. ಮಕ್ಕಳು, ನಾಯಿ, ಬೆಕ್ಕು ನೀರಿಗೆ ಬಾಯಿ ಹಾಕುವುದಿಲ್ಲ.

ಡ್ರಿಪ್ ಪೈಪ್ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಕೂದಲು, ನೂಲಿನ ಎಳೆ, ಸೋಪಿನ ಪದರ ಸೇರಿ ಆ ಸಣ್ಣ ತೂತುಗಳು ಕೆಲವೇ ವಾರಗಳಲ್ಲಿ ಮುಚ್ಚಿಹೋಗುತ್ತವೆ. ಸ್ಪ್ರಿಂಕ್ಲರ್ ಇನ್ನೂ ಕೆಟ್ಟದ್ದು, ಅದು ರೋಗಾಣುಗಳನ್ನು ಹನಿಯಾಗಿಸಿ ಗಾಳಿಗೆ ಬಿಡುತ್ತದೆ. ದಪ್ಪ ಪೈಪು, ದೊಡ್ಡ ಬಾಯಿ, ಕೆಳಗೆ ತರಗೆಲೆ. ಇಷ್ಟೇ ಸರಳವಾಗಿರಲಿ. ಒಂದೇ ಪೈಪಿನಿಂದ ಮೂರಕ್ಕಿಂತ ಹೆಚ್ಚು ಬಾಯಿ ತೆಗೆದರೆ ನೀರು ಸಮನಾಗಿ ಹಂಚಿಕೊಳ್ಳುವುದಿಲ್ಲ. ಅಂಥ ಕಡೆ ಬಾಗುವ ಹೋಸ್ ಪೈಪ್ ಹಾಕಿ ದಿನಕ್ಕೊಂದು ಪಾತಿಗೆ ಬದಲಾಯಿಸಿ. ಮಣ್ಣಿಗೂ ಒಣಗಲು ಬಿಡುವು ಸಿಗುತ್ತದೆ.

ಬಾಳೆ, ಕ್ಯಾನಾ (ಬಾಳೆಯಂಥ ಎಲೆಯ ಹೂಗಿಡ), ಹಣ್ಣಿನ ಮರಗಳು, ಹೂವಿನ ಪೊದೆಗಳು ಈ ನೀರಿಗೆ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಸೊಪ್ಪು, ಗೆಡ್ಡೆ, ಹಸಿಯಾಗಿ ತಿನ್ನುವ ಯಾವ ತರಕಾರಿಗೂ ಬಿಡಬೇಡಿ. ಕುಂಡದ ಗಿಡಗಳಿಗೂ ಬೇಡ, ಅಲ್ಲಿ ಉಪ್ಪು ಸೇರಿಕೊಂಡರೆ ಹೊರಹೋಗಲು ದಾರಿ ಇಲ್ಲ.

## ಹಂತ 6: ಸೋಪು ಬದಲಾಯಿಸಿ

ಪೈಪೆಲ್ಲ ಸರಿಯಿದ್ದೂ ಆರು ತಿಂಗಳಲ್ಲಿ ಗಿಡ ಸೊರಗಿತು ಅನ್ನುವವರು ಬಟ್ಟೆ ಒಗೆಯುವ ಪುಡಿಯ ಡಬ್ಬಿ ತಿರುಗಿಸಿ ಓದಬೇಕು. ಪುಡಿ ಡಿಟರ್ಜೆಂಟ್‌ಗಳಲ್ಲಿ ಸೋಡಿಯಂ ಲವಣ ಬಹಳ ಇರುತ್ತದೆ. ಸೋಡಿಯಂ ಸೇರಿದ ಜೇಡಿಮಣ್ಣಿನ ಕಣಗಳು ಬಿಟ್ಟುಕೊಂಡು ಸಂದುಗಳನ್ನು ಮುಚ್ಚುತ್ತವೆ. ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು. ನೀರು ಇಂಗುವುದೇ ನಿಲ್ಲುತ್ತದೆ.

ದ್ರವ ರೂಪದ ಡಿಟರ್ಜೆಂಟ್‌ಗಳಲ್ಲಿ ಸಾಮಾನ್ಯವಾಗಿ ಲವಣ ಕಮ್ಮಿ. ಬೋರಾಕ್ಸ್, ಬೋರಾನ್, ಕ್ಲೋರಿನ್ ಬ್ಲೀಚ್ ಇರುವುದು ಬೇಡವೇ ಬೇಡ. ಬೋರಾನ್ ಗಿಡಕ್ಕೆ ಬೇಕಾದದ್ದು ಲೇಶಮಾತ್ರ, ಸ್ವಲ್ಪ ಹೆಚ್ಚಾದರೂ ವಿಷ. ಪುಡಿಯ ಅಳತೆಯನ್ನೂ ಕಮ್ಮಿ ಮಾಡಿ ನೋಡಿ. ಎಷ್ಟೋ ಸಲ ಅರ್ಧ ಅಳತೆಗೇ ಬಟ್ಟೆ ಶುಚಿಯಾಗುತ್ತದೆ.

## ಹಂತ 7: ಅಡುಗೆಮನೆ ನೀರಿಗೆ ಜಿಡ್ಡಿನ ತೊಟ್ಟಿ, ಜೊಂಡಿನ ಹಾಸು

ಮೊದಲ ಆರು ಹಂತ ಒಂದು ವರ್ಷ ಸರಾಗವಾಗಿ ನಡೆದ ಮೇಲೆ ಮಾತ್ರ ಇದಕ್ಕೆ ಕೈ ಹಾಕಿ. ಜಾಗ, ಶ್ರಮ ಎರಡೂ ಬೇಕು.

ಮೊದಲು ಜಿಡ್ಡಿನ ತೊಟ್ಟಿ. ಮುಚ್ಚಳವಿರುವ ತೊಟ್ಟಿಯಲ್ಲಿ ನೀರು ಒಳಬರುವ, ಹೊರಹೋಗುವ ಎರಡೂ ಕಡೆ ಟೀ ಪೈಪ್ ಹಾಕಿ, ಅದರ ಕೆಳಗಿನ ಕಾಲು ನೀರಿನ ನಡುಮಟ್ಟಕ್ಕೆ ಇಳಿದಿರಲಿ. ಜಿಡ್ಡು ಮೇಲೆ ತೇಲುತ್ತದೆ, ಅಗುಳು ಕೆಳಗೆ ಕೂರುತ್ತದೆ, ನಡುವಿನ ನೀರು ಮಾತ್ರ ಮುಂದೆ ಹೋಗುತ್ತದೆ. ಪಾತ್ರೆ ತೊಳೆಯುವ ಹೊತ್ತಿನಲ್ಲಿ ಅರ್ಧ ಗಂಟೆಗೆ ಎಷ್ಟು ನೀರು ಬರುತ್ತದೋ ಅಷ್ಟಾದರೂ ತೊಟ್ಟಿ ಹಿಡಿಯಬೇಕು. ಸಣ್ಣದಾದರೆ ಬಿಸಿನೀರಿನ ಜೊತೆ ಕರಗಿದ ಜಿಡ್ಡು ತಣಿಯುವ ಮೊದಲೇ ದಾಟಿಹೋಗಿ ಮುಂದೆ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ವಾರಕ್ಕೊಮ್ಮೆ ಮೇಲಿನ ಪದರ ತೆಗೆದು ಹಾಕಿ. ಕುದಿಯುವ ನೀರು ಹೊಯ್ದು ತೊಳೆಯುವ ತಪ್ಪು ಮಾಡಬೇಡಿ, ಜಿಡ್ಡೆಲ್ಲ ಮುಂದಕ್ಕೆ ಹೋಗುತ್ತದೆ.

ಆಮೇಲೆ ಜೊಂಡಿನ ಹಾಸು, ಅಂದರೆ ಜಲ್ಲಿ ತುಂಬಿ ಗಿಡ ನೆಟ್ಟು ಅದರ ಮೂಲಕ ನೀರು ಸೋಸುವ ತೊಟ್ಟಿ. 2 ಮೀಟರ್ ಉದ್ದ, 1 ಮೀಟರ್ ಅಗಲದ, ನೀರು ಹೊರಗೆ ಸೋರದ ತೊಟ್ಟಿ. ಜಲ್ಲಿಯ ನಡುವೆ ನೀರು ಅರ್ಧ ಮೀಟರ್ ಆಳ ನಿಂತರೆ ಒಟ್ಟು ಜಾಗ 1000 ಲೀಟರ್. ಜಲ್ಲಿಯ ಸಂದುಗಳಲ್ಲಿ ನೂರಕ್ಕೆ 40 ಭಾಗ ಮಾತ್ರ ನೀರಿಗೆ ಜಾಗ, ಅಂದರೆ 400 ಲೀಟರ್. ದಿನಕ್ಕೆ 200 ಲೀಟರ್ ಬಂದರೆ ಪ್ರತಿ ಹನಿಯೂ ಎರಡು ದಿನ ಒಳಗಿರುತ್ತದೆ. ಇದಕ್ಕಿಂತ ಕಮ್ಮಿ ಸಮಯ ಸಾಲದು. ನೀರು ಒಳಬರುವ ಮತ್ತು ಹೊರಹೋಗುವ ತುದಿಗಳಲ್ಲಿ ಮುಷ್ಟಿ ಗಾತ್ರದ ಕಲ್ಲು, ನಡುವೆ 10–20 ಮಿ.ಮೀ. ಜಲ್ಲಿ ಹಾಕಿ. ಜಲ್ಲಿಯನ್ನು ತೊಳೆದೇ ಹಾಕಬೇಕು, ಇಲ್ಲದಿದ್ದರೆ ಅದರ ಪುಡಿಯೇ ಸಂದು ಮುಚ್ಚುತ್ತದೆ. ಚದರ ಮೀಟರಿಗೆ ನಾಲ್ಕು ಕ್ಯಾನಾ ಅಥವಾ ಜೊಂಡು ನೆಡಿ.

ಹೊರಹೋಗುವ ಪೈಪಿಗೆ ತಿರುಗಿಸಬಹುದಾದ ಒಂದು ಎಲ್ಬೋ, ಅದರ ಮೇಲೆ ನಿಂತ ಪೈಪಿನ ತುಂಡು ಇರಲಿ. ಅದನ್ನು ವಾಲಿಸಿದಷ್ಟು ಒಳಗಿನ ನೀರಿನ ಮಟ್ಟ ಇಳಿಯುತ್ತದೆ. ಮಟ್ಟ ಯಾವಾಗಲೂ ಜಲ್ಲಿಯ ಮೇಲ್ಮೈಗಿಂತ 5–10 ಸೆಂ.ಮೀ. ಕೆಳಗಿರಬೇಕು. ಮೇಲೆ ನೀರು ಕಾಣದಿದ್ದರೆ ಸೊಳ್ಳೆಯೂ ಇಲ್ಲ, ವಾಸನೆಯೂ ಇಲ್ಲ. ಗಿಡ ಬೇರೂರುವ ಮೊದಲ ಮೂರು ನಾಲ್ಕು ವಾರ ಅರ್ಧ ನೀರನ್ನಷ್ಟೇ ಬಿಡಿ. ಹೊರಬರುವ ನೀರು ಕನ್ನಡಿಯಂತೆ ಕಂಡರೂ ಕುಡಿಯಲು ಆಗದು. ಗಿಡಕ್ಕೆ, ಟಾಯ್ಲೆಟ್‌ಗೆ ಬಳಸಿ.

ಹಾಸು ಮಾಡಲು ಜಾಗವಿಲ್ಲದವರು ಸ್ನಾನದ ನೀರನ್ನು ಬಕೆಟ್‌ನಲ್ಲಿ ಹಿಡಿದು ಟಾಯ್ಲೆಟ್‌ಗೆ ನೇರವಾಗಿ ಸುರಿಯಬಹುದು. ಫ್ಲಶ್ ಟ್ಯಾಂಕಿಗೆ ಮಾತ್ರ ತುಂಬಬೇಡಿ. ಒಳಗೆ ನಿಂತು ನಾರುತ್ತದೆ, ರಬ್ಬರ್ ವಾಷರ್ ಕೆಡುತ್ತದೆ.

## ಹಂತ 8: ತಾರಸಿ ಮತ್ತು ಮೊದಲ ನೀರು

ಇಲ್ಲಿಂದ ಮಳೆ ನೀರು. ಮಳೆ ಶುರುವಾಗುವ ಮೊದಲೇ ತಾರಸಿ ಗುಡಿಸಿ, ದೋಣಿಯಲ್ಲಿ (ಚಾವಣಿಯ ಅಂಚಿನಲ್ಲಿ ನೀರು ಹರಿಯುವ ಕಾಲುವೆ) ಕೂತ ಎಲೆ ತೆಗೆಯಿರಿ. ದೋಣಿಗೆ ಮೀಟರಿಗೆ ಒಂದು ಸೆಂ.ಮೀ. ಇಳಿಜಾರು ಸಾಕು. ನೀರು ಇಳಿಯುವ ಬಾಯಿಗೆ ಜಾಲರಿ ಹಾಕಿ. ಅದು ಚಪ್ಪಟೆಯಾಗಿದ್ದರೆ ಒಂದೇ ಎಲೆ ಮುಚ್ಚಿಬಿಡುತ್ತದೆ, ಗುಮ್ಮಟದಂತೆ ಉಬ್ಬಿರುವುದನ್ನು ತನ್ನಿ.

ಮೊದಲು ಬಿದ್ದ ಮಳೆ ತಾರಸಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲವನ್ನೂ ತೊಳೆದು ತರುತ್ತದೆ. ಅದನ್ನು ಹೊರಗೆ ಬಿಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಎಷ್ಟು ಅನ್ನುವುದರಲ್ಲಿ ತಪ್ಪುತ್ತಾರೆ. ಕನಿಷ್ಠ ಮೊದಲ 1 ಮಿ.ಮೀ. ಮಳೆ ಹೊರಗೆ ಹೋಗಬೇಕು. 100 ಚದರ ಮೀಟರ್ ತಾರಸಿಗೆ ಅದು 100 ಲೀಟರ್. ಸುತ್ತ ಮರಗಳಿದ್ದರೆ, ಹಕ್ಕಿ ಜಾಸ್ತಿ ಕೂರುತ್ತಿದ್ದರೆ 200. ನಾಲ್ಕು ಇಂಚಿನ ಪೈಪ್ ಒಂದು ಮೀಟರಿಗೆ ಹಿಡಿಯುವುದು ಸುಮಾರು 8 ಲೀಟರ್. ಗೋಡೆಗೆ ಎರಡು ಮೀಟರ್ ಪೈಪ್ ನಿಲ್ಲಿಸಿ ಮೊದಲ ನೀರು ಬೇರೆಯಾಯಿತು ಅಂದುಕೊಂಡರೆ 16 ಲೀಟರ್ ಮಾತ್ರ ಬೇರೆಯಾಗಿದೆ, ಉಳಿದ ಕೊಳೆಯೆಲ್ಲ ಟ್ಯಾಂಕಿಗೆ ಹೋಗಿದೆ.

ಒಂದು 100 ಅಥವಾ 200 ಲೀಟರ್ ಡ್ರಮ್ ಇಡಿ. ಮೊದಲ ನೀರು ಅದಕ್ಕೆ ತುಂಬಲಿ, ಅದು ತುಂಬಿದ ಮೇಲೆ ನೀರು ತಾನೇ ಟ್ಯಾಂಕಿನ ಕಡೆ ತಿರುಗುವಂತೆ ಟೀ ಜೋಡಿಸಿ. ಡ್ರಮ್ಮಿನ ಬುಡದಲ್ಲಿ ಯಾವಾಗಲೂ ಹನಿ ಹನಿ ಸೋರುವ ಒಂದು ಸಣ್ಣ ನಲ್ಲಿ ಇರಲಿ. ಅದಿಲ್ಲದಿದ್ದರೆ ಮುಂದಿನ ಮಳೆ ಬಂದಾಗ ಡ್ರಮ್ ತುಂಬಿಯೇ ಇರುತ್ತದೆ, ಕೊಳೆ ಸೀದಾ ಟ್ಯಾಂಕಿಗೆ ಹೋಗುತ್ತದೆ.

## ಹಂತ 9: ಸೋಸುವ ಡ್ರಮ್

200 ಲೀಟರ್ ಡ್ರಮ್ಮಿನಲ್ಲಿ ಕೆಳಗಿನಿಂದ ಮೇಲಕ್ಕೆ: 40 ಮಿ.ಮೀ. ಕಲ್ಲು 20 ಸೆಂ.ಮೀ., 20 ಮಿ.ಮೀ. ಜಲ್ಲಿ 15 ಸೆಂ.ಮೀ., ಸಣ್ಣ ಜಲ್ಲಿ 15 ಸೆಂ.ಮೀ., ದಪ್ಪ ಮರಳು 20 ಸೆಂ.ಮೀ. ಪದರಗಳ ನಡುವೆ ನೈಲಾನ್ ಜಾಲರಿ. ಮರಳಿನ ಮೇಲೂ ಒಂದು ಜಾಲರಿ ಹಾಸಿ, ಅದರ ಮೇಲೆ ನಾಲ್ಕು ಕಲ್ಲು ಇಡಿ. ಕೊಳೆಯ ಬಹುಪಾಲು ಈ ಮೇಲಿನ ಜಾಲರಿಯಲ್ಲೇ ನಿಲ್ಲುತ್ತದೆ, ಎತ್ತಿ ಕೊಡವಿದರೆ ಮುಗಿಯಿತು.

ಈ ಡ್ರಮ್ಮು ಉಕ್ಕುವುದೇಕೆ? ಎಷ್ಟು ನೀರು ಬರುತ್ತದೆ ಅಂತ ಲೆಕ್ಕ ಹಾಕಿದವರೂ ಎಷ್ಟು ವೇಗವಾಗಿ ಬರುತ್ತದೆ ಅಂತ ನೋಡಿರುವುದಿಲ್ಲ. ಗಂಟೆಗೆ 60 ಮಿ.ಮೀ. ವೇಗದ ಮಳೆಯಲ್ಲಿ 100 ಚದರ ಮೀಟರಿನಿಂದ ನಿಮಿಷಕ್ಕೆ 100 ಲೀಟರ್ ಇಳಿಯುತ್ತದೆ. ನುಣ್ಣನೆಯ ಮರಳು ಅಷ್ಟು ಬೇಗ ನೀರು ಬಿಡುವುದೇ ಇಲ್ಲ. ಮನೆಯಲ್ಲೇ ಪರೀಕ್ಷೆ ಮಾಡಿ: 20 ಲೀಟರಿನ ಬಕೆಟ್‌ಗಳನ್ನು 12 ಸೆಕೆಂಡಿಗೊಂದರಂತೆ ಒಂದರ ಹಿಂದೊಂದು ಐದಾರು ಸುರಿಯಿರಿ. ಡ್ರಮ್ ಉಕ್ಕದಿದ್ದರೆ ಪಾಸು. ಉಕ್ಕಿದರೆ ಮರಳಿನ ಪದರ ಅರ್ಧಕ್ಕೆ ಇಳಿಸಿ, ಅಥವಾ ಎರಡು ಡ್ರಮ್ ಇಡಿ.

## ಹಂತ 10: ಟ್ಯಾಂಕ್

ವರ್ಷದ ಮಳೆಯನ್ನೆಲ್ಲ ಹಿಡಿಯುವ ಆಸೆಯಿಂದ ದೊಡ್ಡ ಟ್ಯಾಂಕ್ ತರಬೇಡಿ. ಮಳೆಗಾಲದಲ್ಲಿ ಎರಡು ಮಳೆಗಳ ನಡುವೆ ಸಾಮಾನ್ಯವಾಗಿ ಎಷ್ಟು ದಿನ ಬಿಡುವು ಇರುತ್ತದೆ, ದಿನಕ್ಕೆ ಎಷ್ಟು ಬಳಸುತ್ತೀರಿ ಅನ್ನುವುದನ್ನು ಗುಣಿಸಿ. 10 ದಿನ ಬಿಡುವು, ದಿನಕ್ಕೆ 100 ಲೀಟರ್ ಅಂದರೆ 1000 ಲೀಟರ್ ಸಾಕು. ಅದಕ್ಕೇ ಒಂದು ಟನ್ ಭಾರ. ಗಟ್ಟಿ ನೆಲದ ಮೇಲೆ ಅಥವಾ ಕಾಂಕ್ರೀಟ್ ಕಟ್ಟೆಯ ಮೇಲೆ ಇಡಿ. ಬಾಲ್ಕನಿ, ಸಜ್ಜಾದ ಮೇಲೆ ಬೇಡ.

ಬೆಳಕು ಒಳಗೆ ಬಂದರೆ ಪಾಚಿ ಕಟ್ಟುತ್ತದೆ, ಹಾಗಾಗಿ ಕಪ್ಪು ಅಥವಾ ದಪ್ಪ ಗೋಡೆಯ ಟ್ಯಾಂಕ್ ಇರಲಿ. ಒಳಬರುವ ಪೈಪನ್ನು ಬುಡದವರೆಗೆ ಇಳಿಸಿ ತುದಿಯನ್ನು ಮೇಲಕ್ಕೆ ಬಾಗಿಸಿದರೆ ಹೂಳು ಕದಡುವುದಿಲ್ಲ. ಬಳಸುವ ನಲ್ಲಿ ಬುಡದಿಂದ 10 ಸೆಂ.ಮೀ. ಮೇಲಿರಲಿ, ಹೂಳು ತೆಗೆಯಲು ಬುಡದಲ್ಲಿ ಇನ್ನೊಂದು. ತುಂಬಿ ಹೊರಹೋಗುವ ಪೈಪು ಒಳಬರುವ ಪೈಪಿನಷ್ಟೇ ದಪ್ಪ ಇರಲೇಬೇಕು. ನಾಲ್ಕು ಇಂಚು ಒಳಗೆ, ಒಂದು ಇಂಚು ಹೊರಗೆ ಇಟ್ಟು ಟ್ಯಾಂಕಿನ ಮುಚ್ಚಳ ಹಾರಿದ ಮನೆಗಳನ್ನು ನೋಡಿದ್ದೇನೆ. ಗಾಳಿ ಬಾಯಿಗೂ ಹೊರಹೋಗುವ ಬಾಯಿಗೂ ಸೊಳ್ಳೆ ಪರದೆ ಕಟ್ಟಿ. ಬೆಚ್ಚನೆ ವಾತಾವರಣದಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು 7–10 ದಿನ ಸಾಕು.

ಟ್ಯಾಂಕ್ ಖಾಲಿಯಾದಾಗ ನಲ್ಲಿ ನೀರು ತುಂಬಿಸುವುದಿದ್ದರೆ ಮೇಲಿನಿಂದ ಬೀಳಲಿ. ಪೈಪಿನ ಬಾಯಿಗೂ ನೀರು ಏರಬಹುದಾದ ಅತಿ ಎತ್ತರದ ಮಟ್ಟಕ್ಕೂ ನಡುವೆ ಪೈಪಿನ ಅಗಲದ ಎರಡು ಪಟ್ಟು ಅಂತರ ಇರಲಿ.

ಮಿಕ್ಕ ನೀರು ಇಂಗುಗುಂಡಿಗೆ ಹೋಗಲಿ. ಆ ಗುಂಡಿಗೆ ಬಚ್ಚಲ ನೀರಿನ ಒಂದು ಹನಿಯೂ ಸೇರಬಾರದು.

ಟ್ಯಾಂಕಿನ ಮಳೆ ನೀರನ್ನು ಕುಡಿಯಬೇಕೆಂದರೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಕುದಿಸಿ ಬಳಸಿ. ಕಲ್ನಾರಿನ ಶೀಟು, ಸೀಸದ ಬಣ್ಣ, ಡಾಂಬರಿನ ಪದರ ಇರುವ ಚಾವಣಿಯ ನೀರು ಕುಡಿಯಲು ಬೇಡ. ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಹೋಗುವುದಿಲ್ಲ.

## ಎಚ್ಚರಿಕೆಯ ಗುರುತುಗಳು

ಪಾತಿಯಲ್ಲಿ ನೀರು ಎರಡು ಗಂಟೆ ಆದರೂ ನಿಂತಿದೆ. ಮಣ್ಣು ತುಂಬಿದೆ ಅಂತ ಅರ್ಥ. ವಾಲ್ವನ್ನು ಒಂದು ವಾರ ಚರಂಡಿಗೆ ತಿರುಗಿಸಿ. ಕೊಳೆತ ಹೊದಿಕೆ ತೆಗೆದು ಹೊಸದು ಹಾಕಿ.

ಮಣ್ಣಿನ ಮೇಲೆ ಬಿಳಿ ಪೊರೆ, ಎಲೆಯ ಅಂಚು ಕಂದು. ಸೋಪಿನ ಲವಣ. ಸೋಪು ಬದಲಾಯಿಸಿ, ಮಳೆ ನೀರನ್ನು ಧಾರಾಳವಾಗಿ ಹಾಯಿಸಿ. ಜೇಡಿಮಣ್ಣಾಗಿದ್ದರೆ ಜಿಪ್ಸಂ ಹಾಕಿದರೆ ಮಣ್ಣು ಮತ್ತೆ ಬಿಡಿಯಾಗುತ್ತದೆ.

ಬಚ್ಚಲಿನಲ್ಲಿ ನೀರು ನಿಧಾನ ಇಳಿಯುತ್ತಿದೆ. ಪೈಪಿನ ಬಾಯಿಯಿಂದ ಹಿಂದಕ್ಕೆ ಹುಡುಕುತ್ತಾ ಬನ್ನಿ. ಬಹಳ ಸಲ ಅಡ್ಡಿ ಇರುವುದು ಬಾಯಿಯಲ್ಲೇ, ತರಗೆಲೆ ಕೊಳೆತು ಮೇಲೆದ್ದಿರುತ್ತದೆ.

ಜೊಂಡಿನ ಹಾಸಿನ ಮೇಲೆ ನೀರು ಕಾಣುತ್ತಿದೆ. ಹೊರಪೈಪಿನ ಎಲ್ಬೋ ವಾಲಿಸಿ. ಆಗಲೂ ಇಳಿಯದಿದ್ದರೆ ಒಳಬರುವ ತುದಿಯ ಕಲ್ಲು ಜಿಡ್ಡು ಹಿಡಿದಿದೆ, ತೆಗೆದು ತೊಳೆಯಬೇಕು.

ಮಳೆ ಟ್ಯಾಂಕಿನಲ್ಲಿ ವಾಸನೆ. ಒಳಗೆ ಎಲೆ ಸೇರಿದೆ, ಅಥವಾ ಮೊದಲ ನೀರಿನ ಡ್ರಮ್ ಖಾಲಿಯಾಗುತ್ತಿಲ್ಲ. ಸಣ್ಣ ನಲ್ಲಿಯ ತೂತು ನೋಡಿ.

## ಹಂತ 11: ಮನೆಯವರಿಗೆಲ್ಲ ತೋರಿಸಿಕೊಡಿ

ಕಟ್ಟಿದವರು ಊರಿಗೆ ಹೋದ ವಾರವೇ ತೊಂದರೆ ಶುರುವಾಗುತ್ತದೆ. ವಾಲ್ವ್ ಪಕ್ಕದ ಗೋಡೆಗೆ ನೀರು ತಾಗದಂತೆ ಒಂದು ಹಾಳೆ ಅಂಟಿಸಿ, ದೊಡ್ಡ ಅಕ್ಷರದಲ್ಲಿ ಮೂರು ಸಾಲು ಬರೆಯಿರಿ: ಹಿಡಿ ಎಡಕ್ಕೆ ಅಂದರೆ ತೋಟ, ಬಲಕ್ಕೆ ಅಂದರೆ ಚರಂಡಿ. ಜೋರು ಮಳೆ, ಕಾಯಿಲೆ, ಬ್ಲೀಚ್, ಕೂದಲ ಬಣ್ಣ ಇದ್ದರೆ ಬಲಕ್ಕೆ. ಅನುಮಾನ ಬಂದರೂ ಬಲಕ್ಕೆ. ಬರೆದ ಮೇಲೆ ಮನೆಯಲ್ಲಿರುವ ಪ್ರತಿಯೊಬ್ಬರೂ ಒಂದೊಂದು ಸಲ ಹಿಡಿ ತಿರುಗಿಸಿ ನೋಡಲಿ. ತಿರುಗಿಸಲು ಯಾರಿಗಾದರೂ ಕಷ್ಟವಾದರೆ ಹಿಡಿಯನ್ನು ಉದ್ದ ಮಾಡಿಸಿ.